ಗಡಸು ಏರಿತು, ಬಲ ಇಳಿಯಿತು: ಅಲ್ಯೂಮಿನಿಯಂಗೆ ಸೆರಾಮಿಕ್ ಪುಡಿ ಬೆರೆಸಿದಾಗ ಆಗುವುದೇನು?

ಪ್ರಶ್ನೆ: ಸರ್, ನಾವು ಮೆಕ್ಯಾನಿಕಲ್ ಕೊನೆಯ ವರ್ಷದ ನಾಲ್ಕು ಮಂದಿ. ಪ್ರಾಜೆಕ್ಟ್‌ಗೆ 6061 ಅಲ್ಯೂಮಿನಿಯಂ (ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಮಿಶ್ರಲೋಹ) ಕರಗಿಸಿ, ತೂಕದ ಲೆಕ್ಕದಲ್ಲಿ ಶೇ. 3, 6 ಮತ್ತು 9ರಷ್ಟು ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ ಪುಡಿ ಹಾಕಿ, ಕಲಕಿ ಅಚ್ಚಿಗೆ ಹೊಯ್ಯುವ ಸ್ಟಿರ್ ಕಾಸ್ಟಿಂಗ್ ಮಾಡಿದೆವು. ಪುಡಿ 220 ಮೆಶ್ (ಕಾಳಿನ ಗಾತ್ರದ ಅಳತೆ). ಹಾರ್ಡ್‌ನೆಸ್ ಮೂರರಲ್ಲೂ ಏರುತ್ತಾ ಹೋಯಿತು. ಟೆನ್ಸೈಲ್ ಬಲ (ಎಳೆದಾಗ ತಡೆಯುವ ಬಲ) ಮಾತ್ರ 6ರವರೆಗೆ ಏರಿ, 9ಕ್ಕೆ ಬರುವಾಗ ಪುಡಿ ಹಾಕದ ಅಲ್ಯೂಮಿನಿಯಂಗಿಂತ ಕೆಳಗೆ ಬಿತ್ತು. ಗೈಡ್ 'ಪುಡಿ ಜಾಸ್ತಿ ಆಯಿತು' ಅನ್ನುತ್ತಾರೆ. ಅಷ್ಟೇನಾ? ಬೇರೆ ಸೆರಾಮಿಕ್ ಅಥವಾ ನ್ಯಾನೊ ಪುಡಿ ಹಾಕಿದ್ದರೆ ಸರಿಹೋಗುತ್ತಿತ್ತಾ?

ಉತ್ತರ: ಅಷ್ಟೇ ಅಲ್ಲ. ಮೊದಲು 'ಜಾಸ್ತಿ ಆಯಿತು' ಎನ್ನುವ ಮಾತನ್ನೇ ನೋಡೋಣ. ಸಿಲಿಕಾನ್ ಕಾರ್ಬೈಡ್ ಸಾಂದ್ರತೆ ಒಂದು ಸಿಸಿಗೆ 3.21 ಗ್ರಾಂ, ಅಲ್ಯೂಮಿನಿಯಂದು 2.70. ಹಾಗಾಗಿ ತೂಕದಲ್ಲಿ ಶೇ. 9 ಹಾಕಿದರೆ ಜಾಗದ ಲೆಕ್ಕದಲ್ಲಿ ಅದು ಶೇ. 7.7 ಮಾತ್ರ. ಎಫ್-16 ಯುದ್ಧವಿಮಾನದ ಹೊಟ್ಟೆಯ ಕೆಳಗಿರುವ ವೆಂಟ್ರಲ್ ಫಿನ್‌ಗೆ ಬಳಸಿದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಾರ್ಬೈಡ್ ಶೇ. 17.5 ಇದೆ, ಅದೂ ಗಾತ್ರದ ಲೆಕ್ಕದಲ್ಲಿ. ಬೋಯಿಂಗ್ 777ಕ್ಕೆ ಹಾಕಿದ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ನ ಫ್ಯಾನ್ ಹಿಂದಿನ ಗೈಡ್ ವೇನ್‌ಗಳಲ್ಲೂ ಅದೇ ಮಾಲು. ಅವರು ನಿಮ್ಮ ಎರಡರಷ್ಟು ಹಾಕಿ ವಿಮಾನ ಹಾರಿಸಿದ್ದಾರೆ. ಅವರದು ಪೌಡರ್ ಮೆಟಲರ್ಜಿ (ಲೋಹವನ್ನೂ ಪುಡಿಯಾಗಿಯೇ ಬೆರೆಸಿ ಒತ್ತಿ ಬೆಸೆಯುವ) ದಾರಿ, ನಿಮ್ಮದು ಎರಕ, ಆ ವ್ಯತ್ಯಾಸ ಇದೆ. ಆದರೆ ಎರಕದಲ್ಲೇ ಶೇ. 20 ಹಾಕಿ ಡ್ಯುರಾಲ್ಕ್ಯಾನ್ ಎಂಬ ಹೆಸರಲ್ಲಿ ಮಾರಿದವರೂ ಇದ್ದಾರೆ. ಹಾಗಾಗಿ ತಪ್ಪು ಪುಡಿಯ ಪ್ರಮಾಣದ್ದಲ್ಲ. ಪುಡಿ ಎಲ್ಲಿ ಹೋಗಿ ಕೂತಿತು, ಯಾವ ಸ್ಥಿತಿಯಲ್ಲಿ ಕೂತಿತು ಎನ್ನುವುದರದ್ದು.

ಮುರಿದ ಶೇ. 9ರ ಸ್ಯಾಂಪಲ್ ಇನ್ನೂ ಇದೆಯಾ? ಇದ್ದರೆ ಒಂದು ಕೆಲಸ ಮಾಡಿ. ಮುರಿದ ಮುಖವನ್ನು ಕಿಟಕಿ ಬೆಳಕಿಗೆ ಹಿಡಿದು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಲೆನ್ಸ್‌ನಲ್ಲಿ ನೋಡಿ. ಬೂದು ಬಣ್ಣದ ಒರಟು ಮೈ ಕಾಣುತ್ತದೆ. ಅದರ ನಡುವೆ ಎಲ್ಲೋ ಒಂದೆರಡು ಕಡೆ ಕಪ್ಪು ಚುಕ್ಕೆ, ಸಾಸಿವೆ ಕಾಳಿನಷ್ಟೋ ಇನ್ನೂ ಚಿಕ್ಕದೋ ಇರಬಹುದು. ಅದರ ಮೇಲೆ ಬೆರಳು ಒತ್ತಿ ಉಜ್ಜಿ. ಬೆರಳಿಗೆ ಕಪ್ಪು ಪುಡಿ ಅಂಟಿದರೆ ನಿಮ್ಮ ಉತ್ತರ ಅಲ್ಲೇ ಇದೆ. ಅದು ಒಣ ಪುಡಿ. ಕರಗಿದ ಅಲ್ಯೂಮಿನಿಯಂ ಅದರೊಳಗೆ ಇಳಿದೇ ಇಲ್ಲ. ನೀವು ಎಳೆದದ್ದು ಕಂಪಾಸಿಟ್ (ಲೋಹ-ಸೆರಾಮಿಕ್ ಕೂಡಿದ) ಕಂಬಿಯನ್ನಲ್ಲ, ಹೊಟ್ಟೆಯಲ್ಲಿ ಪುಡಿ ತುಂಬಿದ ತೂತು ಇದ್ದ ಕಂಬಿಯನ್ನು.

ಇದು ಮುದ್ದೆ ಮಾಡುವವರಿಗೆ ಗೊತ್ತಿರುವ ಕಥೆಯೇ. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಗಂಟು ಒಡೆದು ನೋಡಿದರೆ ಒಳಗೆ ಒಣ ಹಿಟ್ಟು. ಆದರೆ ರಾಗಿಗೂ ನೀರಿಗೂ ಒಲವಿದೆ, ಕೋಲು ಹಾಕಿ ತೊಳಸಿದರೆ ಕೂಡಿಕೊಳ್ಳುತ್ತದೆ. ಸಿಲಿಕಾನ್ ಕಾರ್ಬೈಡ್‌ಗೂ ಕರಗಿದ ಅಲ್ಯೂಮಿನಿಯಂಗೂ ಆ ಒಲವು ಇಲ್ಲ. ಕೆಸುವಿನ ಎಲೆ ಮೇಲೆ ನೀರು ಹೇಗೆ ಅಂಟದೆ ಉರುಳುತ್ತದೋ, 700–750 ಡಿಗ್ರಿಯಲ್ಲಿ ಅಲ್ಯೂಮಿನಿಯಂ ಆ ಪುಡಿಯ ಮೇಲೆ ಹಾಗೇ. ಇದನ್ನು ವೆಟಿಂಗ್ ಸಮಸ್ಯೆ ಅನ್ನುತ್ತೇವೆ. ಇದರ ಜೊತೆಗೆ ಕರಗಿದ ಲೋಹದ ಮೇಲೆ ಯಾವಾಗಲೂ ಒಂದು ಆಕ್ಸೈಡ್ ಕೆನೆ ಇರುತ್ತದೆ. ಪುಡಿ ಅದರ ಮೇಲೇ ಕೂತು, ಕಲಕುವಾಗ ಆ ಕೆನೆಯ ಚೂರುಗಳಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತದೆ.

ಒಲವಿಲ್ಲದ ಕಡೆ ಒಲವು ಮೂಡಿಸುವುದಕ್ಕೆ ಎರಡು ಹಳೆಯ ಉಪಾಯ ಇವೆ. ಒಂದು, ಸುಮಾರು ಶೇ. 1ರಷ್ಟು ಮೆಗ್ನೀಸಿಯಂ ಸೇರಿಸುವುದು. ಅದನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಕರಗಿದ ಲೋಹದ ಕೆಳಗೆ ಅದುಮಬೇಕು. ಮೇಲೆ ಹಾಕಿದರೆ ಸುಮ್ನೆ ಉರಿದು ಹೋಗುತ್ತದೆ. ಎರಡನೆಯದು, ಪುಡಿಯನ್ನು 900–1000 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸುವುದು. ಆಗ ಪುಡಿಗೆ ಅಂಟಿದ ತೇವ, ಗಾಳಿ ಬಿಟ್ಟುಹೋಗುತ್ತವೆ. ಮೇಲೆ ತೆಳುವಾದ ಸಿಲಿಕಾ ಪದರ ಬರುತ್ತದೆ, ಅದನ್ನು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತದೆ. ಅನೇಕ ಪ್ರಾಜೆಕ್ಟ್ ವರದಿಗಳಲ್ಲಿ 'ಪುಡಿಯನ್ನು 200 ಡಿಗ್ರಿಗೆ ಪ್ರೀಹೀಟ್ ಮಾಡಲಾಯಿತು' ಎಂದು ನೋಡಿದ್ದೇನೆ. ಅದು ತೇವ ಆರಿಸುವುದಕ್ಕೆ ಸಾಕು, ಪದರ ಮೂಡಿಸುವುದಕ್ಕೆ ಸಾಲದು.

ತೇವ ಎಂದರೆ ನನ್ನದೇ ಒಂದು ಕಥೆ ಇದೆ. ಮೊದಲ ಸಲ ಸ್ಟಿರ್ ಕಾಸ್ಟಿಂಗ್ ಮಾಡಿದಾಗ ಹಿಂದಿನ ದಿನ ಕಾಯಿಸಿಟ್ಟ ಪುಡಿಯನ್ನು ಮುಚ್ಚಳ ಹಾಕದೆ ಬೆಂಚಿನ ಮೇಲೆ ಬಿಟ್ಟು ಮನೆಗೆ ಹೋಗಿದ್ದೆ. ಮಳೆಗಾಲ. ಬೆಳಿಗ್ಗೆ ಅದನ್ನೇ ಹಾಕಿದೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಕ್ರೂಸಿಬಲ್‌ನಿಂದ (ಕರಗಿಸುವ ಪಾತ್ರೆಯಿಂದ) ಲೋಹ ಸಿಡಿಯಿತು. ಶೂ ಮೇಲೆ ಬಿದ್ದ ಒಂದು ಹನಿ ಚರ್ಮ ಸುಟ್ಟು ಕಾಲ್ಚೀಲದ ತನಕ ಹೋಗಿತ್ತು. ಅಂದಿನಿಂದ ಪುಡಿ ಓವನ್‌ನಿಂದ ನೇರ ಕ್ರೂಸಿಬಲ್‌ಗೆ, ನಡುವೆ ನಿಲ್ದಾಣ ಇಲ್ಲ.

ಇನ್ನು ನಿಮ್ಮ 220 ಮೆಶ್. ಅದು ಸುಮಾರು 60 ಮೈಕ್ರಾನ್ ಕಾಳು. ಸಾಣೆಕಲ್ಲಿಗೆ, ಎಮ್ರಿ ಪೇಪರ್‌ಗೆ ಬಳಸುವ ಮಾಲು. ಅಗ್ಗ, ಎಲ್ಲಿ ಕೇಳಿದರೂ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ತರುತ್ತಾರೆ. ಕರಗಿದ ಅಲ್ಯೂಮಿನಿಯಂ ಸಾಂದ್ರತೆ ಹೆಚ್ಚು ಕಡಿಮೆ 2.4. ಕಾಳು ಅದಕ್ಕಿಂತ ಭಾರ, ಹಾಗಾಗಿ ಮುಳುಗುತ್ತದೆ. ನೀವು ಎರಡನೇ ವರ್ಷದಲ್ಲಿ ಓದಿದ ಸ್ಟೋಕ್ಸ್ ಸೂತ್ರ ಹಾಕಿ ನೋಡಿ. 60 ಮೈಕ್ರಾನ್ ಕಾಳು ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಇಳಿಯುತ್ತದೆ. ಕ್ರೂಸಿಬಲ್‌ನಲ್ಲಿ ಲೋಹ 100 ಮಿಲಿಮೀಟರ್ ಆಳ ಇದ್ದರೆ, ಕಲಕುವುದು ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ಮೇಲಿನ ಕಾಳು ತಳ ಮುಟ್ಟಬಲ್ಲದು. ಕಾಳು ದಟ್ಟವಾಗಿದ್ದರೆ ಒಂದಕ್ಕೊಂದು ಅಡ್ಡ ಬಂದು ಸ್ವಲ್ಪ ನಿಧಾನ ಆಗುತ್ತದೆ, ಆದರೂ ಲೆಕ್ಕದ ಜಾಡು ಇದೇ. ಸ್ಟಿರರ್ ಮೇಲೆತ್ತಿ, ಕಿಟ್ಟ ತೆಗೆದು, ಇಕ್ಕಳ ಹುಡುಕಿ, ಕ್ರೂಸಿಬಲ್ ಎತ್ತಿ ಹೊಯ್ಯುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ನಿಮಗೇ ಗೊತ್ತು. 400 ಮೆಶ್ ತಂದಿದ್ದರೆ ಕಾಳು ಸುಮಾರು 17 ಮೈಕ್ರಾನ್, ಇಳಿಯುವ ವೇಗ ಹತ್ತರಲ್ಲಿ ಒಂದು ಪಾಲು. ಅರ್ಥಾತ್ ಅದೇ ಕ್ರೂಸಿಬಲ್‌ನಲ್ಲಿ ಕಾಲು ಗಂಟೆ ಸಿಗುತ್ತಿತ್ತು.

ಗಾಳಿಯ ತೂತುಗಳ ಮಾತು ಬೇರೆ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಕುಡಿಯುತ್ತದೆ. ಗಟ್ಟಿಯಾಗುವಾಗ ಅದರ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ಇಟ್ಟುಕೊಳ್ಳಬಲ್ಲದು, ಉಳಿದದ್ದು ಗುಳ್ಳೆ. ಜೋರಾಗಿ ಸುಳಿ ಬರುವಂತೆ ಕಲಕಿದರೆ ಹೊರಗಿನ ಗಾಳಿಯೂ ಒಳಗೆ. ಪುಡಿ ಜಾಸ್ತಿ ಹಾಕುವಾಗ ಜಾಸ್ತಿ ಹೊತ್ತು ಕಲಕುತ್ತೀರಿ, ಹಾಗಾಗಿ ಶೇ. 9ರದ್ದಕ್ಕೆ ತೂತೂ ಜಾಸ್ತಿ. ಲೋಹದಿಂದ ಗ್ಯಾಸ್ ಹೊರಹಾಕುವ ಡಿಗ್ಯಾಸಿಂಗ್ ಮಾತ್ರೆ ಹಾಕುವುದಿದ್ದರೆ ಪುಡಿ ಹಾಕುವ ಮುಂಚೆಯೇ ಹಾಕಿ ಮುಗಿಸಬೇಕು. ಪುಡಿ ಸೇರಿದ ಮೇಲೆ ಕ್ಲೋರಿನ್ ಇರುವ ಮಾತ್ರೆ ಹಾಕಿದರೆ ಅದು ಸೇರಿದ ಪುಡಿಯನ್ನೇ ಹೊರಗೆ ತಳ್ಳುತ್ತದೆ. ಫೌಂಡ್ರಿಯಲ್ಲಿ ಮಾಮೂಲಿ ಅಲ್ಯೂಮಿನಿಯಂಗೆ ಕೈ ಪಳಗಿದವರು ಇಲ್ಲಿ ಅಭ್ಯಾಸಬಲದಿಂದ ಎಡವುತ್ತಾರೆ.

ತೂತು ಎಷ್ಟಿದೆ ಎಂದು ಅಳೆಯುವುದಕ್ಕೆ ದುಬಾರಿ ಯಂತ್ರ ಬೇಡ. ಲ್ಯಾಬ್ ತಕ್ಕಡಿ, ಒಂದು ದಾರ, ಒಂದು ಬೀಕರ್ ನೀರು ಸಾಕು. ತುಂಡನ್ನು ಗಾಳಿಯಲ್ಲಿ ತೂಗಿ, ನೀರಲ್ಲಿ ತೂಗುಬಿಟ್ಟು ತೂಗಿ, ಸಾಂದ್ರತೆ ತೆಗೆಯಿರಿ. ನಿಮ್ಮ ಶೇ. 9ರ ಮಿಶ್ರಣಕ್ಕೆ ತೂತೇ ಇಲ್ಲದಿದ್ದರೆ 2.74 ಬರಬೇಕು. ಅದರ ಬದಲು 2.60 ಬಂತು ಅನ್ನಿ, ಆಗ ಶೇ. 5ರಷ್ಟು ತೂತು. ಅಷ್ಟು ತೂತಿರುವ ಕಂಬಿಯಿಂದ ಬಲದ ಬಗ್ಗೆ ಏನೂ ಹೇಳಲಾಗದು. ಈ ಒಂದು ಸಾಲು ನಿಮ್ಮ ರಿಪೋರ್ಟ್‌ನಲ್ಲಿ ಇದ್ದರೆ ನಾಲ್ಕು ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರಗಳಿಗಿಂತ ಮೇಲು.

ಹಾಗಿದ್ದರೆ ಹಾರ್ಡ್‌ನೆಸ್ ಯಾಕೆ ಏರಿತು? ಹಾರ್ಡ್‌ನೆಸ್ ಪರೀಕ್ಷೆಯಲ್ಲಿ ಒತ್ತುತ್ತೀರಿ. ಒತ್ತಿದರೆ ಗಂಟೂ ತಡೆಯುತ್ತದೆ, ತೂತೂ ಮುಚ್ಚಿಕೊಳ್ಳುತ್ತದೆ. ಎಳೆದಾಗ ಮಾತ್ರ ಗಂಟೇ ಮೊದಲು ಬಿಡುವುದು. ಅದೂ ಅಲ್ಲದೆ ಕಡಿಮೆ ಭಾರದ ವಿಕರ್ಸ್ ಪರೀಕ್ಷೆ (ವಜ್ರದ ಚೂಪು ಮೊನೆ ಒತ್ತುವುದು) ಮಾಡಿದ್ದರೆ ಸೂಜಿ ನೇರ ಕಾಳಿನ ಮೇಲೆ ಕೂತಿರಬಹುದು. ಆಗ ನೀವು ಅಳೆದದ್ದು ಸಾಣೆಕಲ್ಲನ್ನು. ದೊಡ್ಡ ಗುಂಡಿನ ಬ್ರಿನೆಲ್ ಇದಕ್ಕೆ ವಾಸಿ. ಇನ್ನೊಂದು ವಿಷಯ. ಒಂದೊಂದು ಪ್ರಮಾಣಕ್ಕೆ ಎಷ್ಟು ಕಂಬಿ ಎಳೆದಿರಿ ಎಂದು ನೀವು ಬರೆದಿಲ್ಲ. ಒಂದೇ ಆಗಿದ್ದರೆ 'ಶೇ. 6ರವರೆಗೆ ಏರಿತು' ಎನ್ನುವುದನ್ನೂ ನಾನು ನಂಬುವುದಿಲ್ಲ. ಎರಕದ ಕಂಬಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ ಸಹಜ.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ಪುಡಿ ಚೆನ್ನಾಗಿಯೇ ಸೇರಿದೆ ಎಂದುಕೊಳ್ಳಿ. ಆಗಲೂ ಅದು ಕೊಡುವ ಬಲ ನೀವು ಅಂದುಕೊಂಡಷ್ಟಲ್ಲ.

ಎಳೆದಾಗ ಲೋಹ ಮತ್ತೆ ಮರಳದಂತೆ ಉದ್ದವಾಗುವುದು ಎಂದರೆ ಅದರೊಳಗೆ ಪರಮಾಣುಗಳ ಸಾಲುಗಳು ಜಾರುವುದು. ಜಾರಿದ ಭಾಗಕ್ಕೂ ಜಾರದ ಭಾಗಕ್ಕೂ ನಡುವಿನ ಗೆರೆಯೇ ಡಿಸ್‌ಲೊಕೇಷನ್. ಬಲ ಬೇಕೆಂದರೆ ಆ ಗೆರೆಯ ದಾರಿಗೆ ಅಡ್ಡ ಹಾಕಬೇಕು. ಪಠ್ಯದಲ್ಲಿ ಒರೊವಾನ್ ವಿಧಾನ ಎಂದು ಓದಿರುತ್ತೀರಿ, ಕಾಳುಗಳ ನಡುವೆ ಗೆರೆ ಸಿಕ್ಕಿ ಬಾಗಬೇಕಾಗುವುದು. ಅದು ಕೆಲಸ ಮಾಡುವುದು ಕಾಳಿನಿಂದ ಕಾಳಿಗೆ ಅಂತರ ತೀರಾ ಕಡಿಮೆ ಇದ್ದಾಗ. ನಿಮ್ಮ 60 ಮೈಕ್ರಾನ್ ಕಾಳುಗಳ ನಡುವೆ ಹತ್ತಿರ ಹತ್ತಿರ 100 ಮೈಕ್ರಾನ್ ಅಂತರ ಇರುತ್ತದೆ. ಲೆಕ್ಕ ಹಾಕಿದರೆ ಒರೊವಾನ್‌ನಿಂದ ಸಿಗುವುದು 1 ಎಂಪಿಎ (ಮೆಗಾಪಾಸ್ಕಲ್, ಬಲದ ಅಳತೆ) ಕೂಡ ಅಲ್ಲ. ಆದರೂ ಪ್ರತಿ ರಿಪೋರ್ಟ್‌ನಲ್ಲಿ ಆ ಹೆಸರು ಇರುತ್ತದೆ! ನಿಮ್ಮದರಲ್ಲೂ ಇದ್ದರೆ ತೆಗೆದುಬಿಡಿ, ವೈವಾದಲ್ಲಿ ಯಾರಾದರೂ ಕೇಳುವ ಮುಂಚೆ.

ದೊಡ್ಡ ಕಾಳು ಬಲ ಕೊಡುವುದು ಬೇರೆ ಎರಡು ದಾರಿಯಲ್ಲಿ. ಮೊದಲನೆಯದು ಭಾರ ಹಂಚಿಕೊಳ್ಳುವುದು. ಸ್ಟಿಫ್‌ನೆಸ್‌ನಲ್ಲಿ (ಬಾಗದ ಗುಣದಲ್ಲಿ) ಸಿಲಿಕಾನ್ ಕಾರ್ಬೈಡ್ 400 ಜಿಪಿಎಗಿಂತ (ಸಾವಿರ ಎಂಪಿಎ ಒಂದು ಜಿಪಿಎ) ಮೇಲೆ, ಅಲ್ಯೂಮಿನಿಯಂ 69. ಅಂಟು ಗಟ್ಟಿಯಾಗಿದ್ದರೆ ಕಾಳು ತನ್ನ ಪಾಲಿಗಿಂತ ಹೆಚ್ಚು ಭಾರ ಹೊರುತ್ತದೆ. ಎರಡನೆಯದು ನನಗೆ ತುಂಬಾ ಇಷ್ಟದ್ದು. ಬಿಸಿಯಾದರೆ ಅಲ್ಯೂಮಿನಿಯಂ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ, ಸಿಲಿಕಾನ್ ಕಾರ್ಬೈಡ್ ಬರೀ 4. 530 ಡಿಗ್ರಿಯಿಂದ ನೀರಿಗೆ ಹಾಕಿ ತಣಿಸಿದಾಗ ಅಲ್ಯೂಮಿನಿಯಂ ಕುಗ್ಗಬೇಕೆನ್ನುತ್ತದೆ, ಕಾಳು ಜಗ್ಗುವುದಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಶೇ. 1ರ ಹತ್ತಿರ. ಅಲ್ಯೂಮಿನಿಯಂ ಅಷ್ಟನ್ನು ಸಹಿಸಿ ಸುಮ್ಮನಿರಲಾರದು, ಕಾಳಿನ ಸುತ್ತ ತಾನೇ ನಲುಗುತ್ತದೆ. ಆ ನಲುಗುವಿಕೆಯೇ ಹೊಸ ಡಿಸ್‌ಲೊಕೇಷನ್‌ಗಳ ಕಾಡು. ಗೆರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಲೋಹ ಗಟ್ಟಿಯಾಗುತ್ತದೆ. ಗಮನಿಸಿ, ಇದು ಜೋರಾಗಿ ಸಿಗಬೇಕೆಂದರೆ ಹೀಟ್ ಟ್ರೀಟ್‌ಮೆಂಟ್ ಆಗಬೇಕು. ನೀವು ಮಾಡಿದ್ದೀರಾ? ಪ್ರಶ್ನೆಯಲ್ಲಿ ಆ ಮಾತೇ ಇಲ್ಲ.

6061 ಬರೀ ಅನೀಲ್ ಆದ (ಕಾಯಿಸಿ ಮೆಲ್ಲಗೆ ತಣಿಸಿ ಮೆತ್ತಗಾದ) ಸ್ಥಿತಿಯಲ್ಲಿ ಯೀಲ್ಡ್ ಬಲ (ಲೋಹ ಶಾಶ್ವತವಾಗಿ ಬಗ್ಗತೊಡಗುವ ಮಟ್ಟ) ಸುಮಾರು 55 ಎಂಪಿಎ. ಟಿ6 ಹದ (ಕಾಯಿಸಿ, ನೀರಲ್ಲಿ ತಣಿಸಿ, ಮತ್ತೆ ಹಿತವಾಗಿ ಕಾಯಿಸುವುದು) ಮಾಡಿದರೆ 275. ಐದು ಪಟ್ಟು, ಒಂದು ಚಿಟಿಕೆ ಪುಡಿ ಹಾಕದೆ! ಒಳಗೆ ಹುಟ್ಟುವ ಮೆಗ್ನೀಸಿಯಂ-ಸಿಲಿಕಾನ್‌ನ ಅತಿ ಸಣ್ಣ ಕಣಗಳು ಆ ಕೆಲಸ ಮಾಡುತ್ತವೆ. ಕಬ್ಬಿಣಕ್ಕೆ ಹದ ಹಾಕದೆ ಕತ್ತಿ ಮಾಡಿ, ಹರಿತ ಇಲ್ಲ ಅಂದರೆ ಕಮ್ಮಾರ ನಗುತ್ತಾನೆ, ಅಲ್ವಾ? ಹದ ಹಾಕದ 6061ಕ್ಕೆ ಸೆರಾಮಿಕ್ ಬೆರೆಸಿ ಬಲ ಹುಡುಕುವುದೂ ಹಾಗೇ. ಬಲ ಕೊಡುವುದು ಮುಖ್ಯವಾಗಿ ಅಲ್ಯೂಮಿನಿಯಂನ ಹದ. ಸೆರಾಮಿಕ್ ಕೊಡುವುದು ಬೇರೆ: ಬಾಗದ ಗುಣ, ಸವೆಯದ ಗುಣ, ಬಿಸಿಗೆ ಕಡಿಮೆ ಹಿಗ್ಗುವ ಗುಣ. ಡ್ಯುರಾಲ್ಕ್ಯಾನ್‌ನಲ್ಲಿ 6061ಕ್ಕೆ ಶೇ. 20 ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹಾಕಿದಾಗ ಸ್ಟಿಫ್‌ನೆಸ್ 69ರಿಂದ 97 ಜಿಪಿಎಗೆ ಏರಿತ್ತು, ಬೇರೆ ಯಾವ ಮಿಶ್ರಲೋಹದ ಆಟದಿಂದಲೂ ಅಷ್ಟು ಸುಲಭಕ್ಕೆ ಬಾರದ್ದು. ಅದಕ್ಕೆ ತೆತ್ತ ಬೆಲೆಯೂ ಇದೆ. ಮುರಿಯುವ ಮುಂಚೆ ಹಿಗ್ಗುವುದು ಶೇ. 12ರ ಮೇಲಿದ್ದದ್ದು ಕೆಲವೇ ಶೇಕಡಾಕ್ಕೆ ಇಳಿಯಿತು.

ಇನ್ನು ನೀವು ಆರಿಸಿದ ಜೋಡಿಯ ಬಗ್ಗೆ. ನಮ್ಮ ಕಾಲೇಜುಗಳಲ್ಲಿ 6061 ಮತ್ತು ಸಿಲಿಕಾನ್ ಕಾರ್ಬೈಡ್ ಸ್ಟಿರ್ ಕಾಸ್ಟಿಂಗ್ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಹಿಂದಿನ ಬ್ಯಾಚ್ ಮಾಡಿತ್ತು, ನಾವೂ ಮಾಡಿದೆವು. ನನ್ನ ಕೇಳಿದರೆ ಇದು ಸರಿ ಜೋಡಿ ಅಲ್ಲ. 6061 ಹುಟ್ಟಿದ್ದು ಎಕ್ಸ್‌ಟ್ರೂಷನ್‌ಗೆ, ರೋಲಿಂಗ್‌ಗೆ. ಎರಕಕ್ಕೆ ಅದು ಸರಾಗವಾಗಿ ಹರಿಯುವುದಿಲ್ಲ. ಅದರಲ್ಲಿ ಸಿಲಿಕಾನ್ ಶೇ. 0.4ರಿಂದ 0.8 ಅಷ್ಟೇ. ಸಿಲಿಕಾನ್ ಕಡಿಮೆ ಇರುವ ಕರಗಿದ ಅಲ್ಯೂಮಿನಿಯಂ ಸಿಲಿಕಾನ್ ಕಾರ್ಬೈಡನ್ನು ತಿನ್ನುತ್ತದೆ. ತಿಂದು ಅಲ್ಯೂಮಿನಿಯಂ ಕಾರ್ಬೈಡ್ ಮಾಡುತ್ತದೆ. ಅದು ಗಾಜಿನ ಹಾಗೆ ಒಡೆಯುವ ವಸ್ತು, ಕಾಳಿಗೂ ಲೋಹಕ್ಕೂ ನಡುವೆ ಕೂತು ಅಂಟು ಕೆಡಿಸುತ್ತದೆ. ಮೇಲಾಗಿ ತೇವ ತಾಗಿದರೆ ಮೀಥೇನ್ ಬಿಟ್ಟು ಕರಗುತ್ತದೆ. ಮಿಶ್ರಣದಲ್ಲಿ ಸಿಲಿಕಾನ್ ಶೇ. 8–10ರ ಹತ್ತಿರ ಇದ್ದರೆ ಈ ತಿನ್ನಾಟ ಬಹುಮಟ್ಟಿಗೆ ನಿಲ್ಲುತ್ತದೆ. ಡ್ಯುರಾಲ್ಕ್ಯಾನ್‌ನವರು ಅದಕ್ಕೇ ಸಿಲಿಕಾನ್ ಕಾರ್ಬೈಡನ್ನು ಸಿಲಿಕಾನ್ ಜಾಸ್ತಿ ಇರುವ ಎರಕದ ಮಿಶ್ರಲೋಹಕ್ಕೆ ಹಾಕಿ, 6061ಕ್ಕೆ ಅಲ್ಯೂಮಿನಾ ಹಾಕಿದ್ದು. ನೀವು ಫೌಂಡ್ರಿಯಲ್ಲಿ ಸಲೀಸಾಗಿ ಸಿಗುವ ಎಲ್‌ಎಂ25 ಎಂಬ ಎರಕದ ಮಿಶ್ರಲೋಹ ತಂದಿದ್ದರೂ ಸಾಕಿತ್ತು. ಅದರಲ್ಲಿ ಸಿಲಿಕಾನ್ ಶೇ. 7 ಇರುತ್ತದೆ, ಮೆಗ್ನೀಸಿಯಂ ಇರುವುದರಿಂದ ಹದಕ್ಕೂ ಬರುತ್ತದೆ. 750 ಡಿಗ್ರಿ ದಾಟಿಸದೆ ಬೇಗ ಮುಗಿಸಿದರೆ ಆಯಿತು.

ಮೇಲೆ ಹೇಳಿದ ಸಿಲಿಕಾ ಪದರ ಈ ತಿನ್ನಾಟಕ್ಕೂ ಒಂದು ಅಡ್ಡಗೋಡೆ. ಆದರೆ ಆ ಪದರ ಮೆಗ್ನೀಸಿಯಂ ನುಂಗಿ ಸ್ಪಿನೆಲ್ ಎಂಬ ಆಕ್ಸೈಡ್ ಆಗುತ್ತದೆ. ಹದಕ್ಕೆ ಬೇಕಾದ ಮೆಗ್ನೀಸಿಯಂ ಹಾಗೆ ಖರ್ಚಾಗಿಬಿಟ್ಟರೆ ಟಿ6 ಮಾಡಿದರೂ ಏರುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುವ ಚಾದರ ಇದು. ಇನ್ನೊಂದು ಸಣ್ಣ ಮಾತು: ಸ್ಟಿರರ್ ಬರೀ ಸ್ಟೀಲಾ? ಮೇಲೆ ಲೇಪ ಇಲ್ಲದಿದ್ದರೆ ಅಲ್ಯೂಮಿನಿಯಂ ಅದರ ಕಬ್ಬಿಣವನ್ನೂ ಕರಗಿಸಿಕೊಂಡು ಸೂಜಿಯಂಥ ಹರಳು ಮಾಡಿಕೊಳ್ಳುತ್ತದೆ. ಕಲಕಿದ ಮೇಲೆ ಸ್ಟಿರರ್ ಎಲೆ ತೆಳ್ಳಗಾಗಿದ್ದರೆ, ಹೋದದ್ದು ನಿಮ್ಮ ಎರಕಕ್ಕೇ.

ಬೇರೆ ಸೆರಾಮಿಕ್ ಕೇಳಿದ್ದೀರಿ. ಬೋರಾನ್ ಕಾರ್ಬೈಡ್ ಅಲ್ಯೂಮಿನಿಯಂಗಿಂತಲೂ ಹಗುರ, 2.52. ಕರಗಿದ ಲೋಹದಲ್ಲಿ ಅಷ್ಟಾಗಿ ಮುಳುಗುವುದಿಲ್ಲ. ಆದರೆ ಬೆಲೆ ಜಾಸ್ತಿ, ಒಲವು ಇನ್ನೂ ಕಡಿಮೆ, ಪೊಟ್ಯಾಸಿಯಂ ಟೈಟಾನಿಯಂ ಫ್ಲೋರೈಡ್ ಉಪ್ಪು ಸೇರಿಸಿ ಒಲಿಸಬೇಕು. ಅದರ ನಿಜವಾದ ಮಾರುಕಟ್ಟೆ ಬಲಕ್ಕಲ್ಲ. ಬೋರಾನ್ ನ್ಯೂಟ್ರಾನ್ ನುಂಗುತ್ತದೆ, ಹಾಗಾಗಿ ಅಣುಸ್ಥಾವರದಲ್ಲಿ ಬಳಸಿದ ಇಂಧನ ಇಡುವ ರ‍್ಯಾಕ್‌ಗಳಿಗೆ ಈ ಹಲಗೆ ಬೇಕು. ಟೈಟಾನಿಯಂ ಡೈಬೋರೈಡ್ ದಾರಿ ನನಗೆ ಹೆಚ್ಚು ಮೆಚ್ಚುಗೆ. ಅದನ್ನು ಹೊರಗಿಂದ ಹಾಕುವುದಿಲ್ಲ. ಎರಡು ಫ್ಲೋರೈಡ್ ಉಪ್ಪು ಹಾಕಿದರೆ ಕರಗಿದ ಲೋಹದೊಳಗೇ ಹುಟ್ಟುತ್ತದೆ. ಗಾಳಿಯನ್ನೇ ಕಾಣದ ಕಾಳು, ಹಾಗಾಗಿ ಅಂಟು ಚೊಕ್ಕ. ವಿಮಾನದ ಎರಕಗಳಿಗೆ ಬಳಸುವ ಎ20ಎಕ್ಸ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಇರುವುದು ಇದೇ ಕಾಳು. ಕಾಲೇಜು ಲ್ಯಾಬ್‌ನಲ್ಲಿ ಮಾಡುವುದಾದರೆ ಫ್ಲೋರೈಡ್ ಹೊಗೆಗೆ ಸರಿಯಾದ ಎಕ್ಸಾಸ್ಟ್ ಬೇಕೇ ಬೇಕು, ಇಲ್ಲದಿದ್ದರೆ ಮುಟ್ಟಬೇಡಿ.

ನ್ಯಾನೊ? ಒರೊವಾನ್ ಅಲ್ಲಿ ನಿಜವಾಗಿ ಕೆಲಸ ಮಾಡುತ್ತದೆ. 50 ನ್ಯಾನೊಮೀಟರ್ ಕಾಳು ಶೇ. 2ರಷ್ಟು ಸಮನಾಗಿ ಹರಡಿದರೆ ಹತ್ತಾರು ಎಂಪಿಎ ಸಿಗುತ್ತದೆ. ಷರತ್ತು 'ಸಮನಾಗಿ ಹರಡಿದರೆ'. ಕಾಳು ಸಣ್ಣದಾದಷ್ಟೂ ಒಂದಕ್ಕೊಂದು ಅಂಟುವ ಚಪಲ ಜಾಸ್ತಿ. 60 ಮೈಕ್ರಾನ್ ಪುಡಿಯೇ ಗಂಟು ಕಟ್ಟಿದ ಕ್ರೂಸಿಬಲ್‌ನಲ್ಲಿ ನ್ಯಾನೊ ಪುಡಿ ಸುರಿದರೆ ಹಣ ಹಾಳು. ಅಲ್ಟ್ರಾಸಾನಿಕ್ ಪ್ರೋಬ್ (ಶಬ್ದಾತೀತ ಕಂಪನದ ಕೋಲು) ಇಟ್ಟು ಗಂಟು ಒಡೆಯುವ ಸೌಕರ್ಯ ಇದ್ದರೆ ಮಾತ್ರ ಅತ್ತ ಹೋಗಿ.

ಒಂದು ಸಣ್ಣ ಹೆಮ್ಮೆ ಹೇಳಿಕೊಳ್ಳದೆ ಇರಲಾರೆ. ನೀವು ಮಾಡಿದ ಈ ಕೆಲಸದ ಬೇರು ಬೆಂಗಳೂರಿನಲ್ಲೂ ಇದೆ. ಲೋಹವಿಜ್ಞಾನಿ ಪ್ರದೀಪ್ ರೋಹಟ್ಗಿ 1960ರ ದಶಕದಲ್ಲಿ ಇನ್ಕೊ ಕಂಪನಿಯಲ್ಲಿ ಗ್ರಾಫೈಟ್ ಪುಡಿಯನ್ನು ಅಲ್ಯೂಮಿನಿಯಂಗೆ ಸೇರಿಸುವ ಕೆಲಸ ಮಾಡಿ, ಆಮೇಲೆ ನಮ್ಮ ಐಐಎಸ್‌ಸಿಗೆ ಬಂದರು. ಅಲ್ಲಿ ಎಂ. ಕೆ. ಸುರಪ್ಪ ಅವರ ಜೊತೆ ಸೆರಾಮಿಕ್ ಪುಡಿ ಎರಕದ ಬಗ್ಗೆ 1981ರಲ್ಲಿ ಪ್ರಕಟಿಸಿದ ಲೇಖನವನ್ನು ಇಂದಿಗೂ ಜಗತ್ತಿನ ಎಲ್ಲೆಡೆ ಉಲ್ಲೇಖಿಸುತ್ತಾರೆ.

ನಿಮ್ಮ ಪ್ರಾಜೆಕ್ಟ್ ವ್ಯರ್ಥ ಆಗಿಲ್ಲ. ಉಳಿದ ತುಂಡುಗಳ ಸಾಂದ್ರತೆ ತೆಗೆಯಿರಿ. ಕ್ರೂಸಿಬಲ್ ತಳದಲ್ಲಿ ಉಳಿದ ಗಟ್ಟಿಯನ್ನು ಉದ್ದಕ್ಕೆ ಸೀಳಿ ಪಾಲಿಶ್ ಮಾಡಿ, ಕಾಳು ಎಲ್ಲಿ ಕೂತಿದೆ ಎಂದು ಕಣ್ಣಾರೆ ಕಾಣುತ್ತದೆ. ಸೀಳಲು ಕೊಡುವಾಗ ಲೇತ್‌ನವರಿಗೆ ಒಳಗೆ ಏನಿದೆ ಎಂದು ಮೊದಲೇ ಹೇಳಿ. ಪೀಣ್ಯದ ಶೆಡ್‌ಗಳಲ್ಲಿ ಹೇಳದೆ ಕೊಟ್ಟವರು ಸವೆದ ಟೂಲ್ ಬಿಟ್ ಹಿಡಿಸಿಕೊಂಡು ಬಂದದ್ದು ಕಂಡಿದ್ದೇನೆ. ಮಾಮೂಲಿ ಕಾರ್ಬೈಡ್ ಟಿಪ್ ಕೆಲವೇ ನಿಮಿಷ ಬಾಳುತ್ತದೆ, ಡೈಮಂಡ್ ಟಿಪ್ ಬೇಕು. ಕಂಬಿಗಳು ಉಳಿದಿದ್ದರೆ ಅರ್ಧಕ್ಕೆ ಟಿ6 ಮಾಡಿ: 530 ಡಿಗ್ರಿ, ನೀರು, ಆಮೇಲೆ 175. ಅಲ್ಲಿ ಪ್ರತಿ ಗಂಟೆ ಹಾರ್ಡ್‌ನೆಸ್ ನೋಡಿ. ಕಾಳಿನ ಸುತ್ತ ಡಿಸ್‌ಲೊಕೇಷನ್ ಜಾಸ್ತಿ ಇರುವುದರಿಂದ ಪುಡಿ ಹಾಕಿದ್ದು ಹಾಕದ್ದಕ್ಕಿಂತ ಮುಂಚೆಯೇ ತುದಿ ಮುಟ್ಟಬೇಕು.

ಇಷ್ಟಾದ ಮೇಲೆ ನನಗೆ ಒಂದು ಸಂಖ್ಯೆ ಬರೆದು ಕಳಿಸಿ, ನಿಮ್ಮ ಪ್ರಶ್ನೆಯಲ್ಲಿ ಅದು ಇರಲಿಲ್ಲ. ಸ್ಟಿರರ್ ನಿಲ್ಲಿಸಿದ ಗಳಿಗೆಯಿಂದ ಲೋಹ ಅಚ್ಚಿಗೆ ಬೀಳುವ ತನಕ ಎಷ್ಟು ಸೆಕೆಂಡ್ ಆಗಿತ್ತು?